ಗಲ್ಲಿಗೆ ಮುಖ ಮಾಡಿ

ಬೆಂಗಳೂರಿನಲ್ಲಿ ಹೆಣ್ಣು ಕೊಡುವವರು ಹುಡುಗನ ಸಂಬಳ, ಗೋತ್ರ, ಅವನ ತಾಯಿಯ ಸಕ್ಕರೆ ಕಾಯಿಲೆ ಎಲ್ಲ ವಿಚಾರಿಸಿ ಮುಗಿಸಿದ ಮೇಲೂ ಒಂದು ಪ್ರಶ್ನೆ ಉಳಿದಿರುತ್ತದೆ: "ಮನೆ ಮುಂದೆ ಎಷ್ಟಡಿ ರೋಡು?" 40 ಅಡಿ ಎಂದರೆ ಉಪ್ಪಿಟ್ಟಿನ ಹಿಂದೆಯೇ ಕೇಸರಿಬಾತ್ ಬರುತ್ತದೆ. 30 ಅಡಿ ಎಂದರೆ ಕಾಫಿಗೆ ಮೋಸವಿಲ್ಲ. 20 ಎಂದರೆ "ಕಾರು ತಿರುಗುತ್ತಾ?" ಎಂಬ ಉಪಪ್ರಶ್ನೆ. ಅದಕ್ಕೂ ಕಡಿಮೆಯಾದರೆ ಹುಡುಗನ ಜಾತಕದಲ್ಲಿ ಇದ್ದಕ್ಕಿದ್ದಂತೆ ಕುಜದೋಷ ಕಾಣಿಸಿಕೊಳ್ಳುತ್ತದೆ. ಮನೆಯ ಹಿಂದೆ ಏನಿದೆ ಎಂದು ಮಾತ್ರ ಯಾರೂ ಕೇಳಿದ್ದನ್ನು ನಾನು ಕಾಣೆ.

ನಾನಿರುವ ಮಲ್ಲೇಶ್ವರದಲ್ಲಂತೂ ಇದು ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಎರಡು ಕ್ರಾಸುಗಳ ನಡುವೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಹಳೆಯ ಮನೆಗಳ ಮಧ್ಯೆ ಒಂದು ಗಲ್ಲಿ ಹಾದುಹೋಗುತ್ತದೆ. ಎಂಜಿನಿಯರುಗಳು ಅದನ್ನು ಕನ್ಸರ್ವೆನ್ಸಿ ಲೇನ್ ಎನ್ನುತ್ತಾರೆ. ನಾವು "ಕನ್ಸರ್ವೆನ್ಸಿ" ಎಂದಷ್ಟೇ ಹೇಳಿ ಮೂಗಿನತ್ತ ಕೈ ಒಯ್ಯುತ್ತೇವೆ. ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗದಷ್ಟು ಅಗಲ. ಹಾಗೆಂದು ಕಾರು ನುಗ್ಗಿಸಿದರೆ ಬಾಗಿಲು ತೆರೆದು ಇಳಿಯಲಾಗದಷ್ಟು ಇಕ್ಕಟ್ಟು. ಆದ್ದರಿಂದ ಬೆಂಗಳೂರಿನಲ್ಲಿ ಇನ್ನೂ ಯಾರೂ ಪಾರ್ಕಿಂಗ್ ಮಾಡದೆ ಉಳಿಸಿರುವ ಅಪರೂಪದ ಜಾಗಗಳಲ್ಲಿ ಇದೂ ಒಂದು. ಸ್ಕೂಟರುಗಳ ಮಾತು ಬೇರೆ.

ಈ ಗಲ್ಲಿ ಸುಮ್ಮನೆ ಮಿಕ್ಕ ಜಾಗವಲ್ಲ, ಬೇಕೆಂದೇ ಬರೆದ ಗೆರೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಹಳೆಯ ಪೇಟೆಯ ಒತ್ತೊತ್ತಾದ ಮನೆಗಳಲ್ಲಿ ಜನ ಸತ್ತರು, ಬದುಕಿದವರು ಊರು ಬಿಟ್ಟರು. ಊರಿಗೆ ಗಾಳಿ ಬೆಳಕು ಸಾಲದು ಎಂದು ತೀರ್ಮಾನವಾಗಿ, ಆಗಲೇ ಯೋಚನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಭರದಿಂದ ಎದ್ದವು. ನೇರ ರಸ್ತೆಗಳು, ಸಂಪಿಗೆ–ಮಾರ್ಗೋಸಾ ಎಂದು ಮರಗಳ ಹೆಸರು, ಲೆಕ್ಕ ಬಂದವರೆಲ್ಲ ವಿಳಾಸ ಹುಡುಕಬಹುದಾದ ನಂಬರಿನ ಕ್ರಾಸುಗಳು. ಪ್ಲೇಗ್ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಪಾಲ್ ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಅದೇ 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದ. ಜಗತ್ತು ಅವನನ್ನು ನಂಬಲು ಇನ್ನೂ ಕೆಲವು ವರ್ಷ ತೆಗೆದುಕೊಂಡಿತು. ಅಷ್ಟರಲ್ಲಿ ನಮ್ಮ ಬಡಾವಣೆಗಳ ನಕ್ಷೆ ಸಿದ್ಧವಾಗಿತ್ತು. ಪ್ಲೇಗಿಗೆ ಹೆದರಿ ಕಟ್ಟಿದ ಬಡಾವಣೆಯ ಹಿಂದಿನ ಗಲ್ಲಿಯಲ್ಲಿ ಇವತ್ತು ಇಲಿಗಳು ನಿರಾತಂಕವಾಗಿ ಬೆಳಗಿನ ವಾಕಿಂಗ್ ಮಾಡುತ್ತವೆ.

ಗಲ್ಲಿ ಬೇಕಾದದ್ದು ಕಕ್ಕಸಿಗೆ. ಒಳಚರಂಡಿ ಬರುವ ಮೊದಲು ಕಕ್ಕಸು ಹಿತ್ತಲಿನ ತುದಿಯಲ್ಲಿ, ಮನೆಯಿಂದ ಆದಷ್ಟು ದೂರ ಇರುತ್ತಿತ್ತು. ನಮ್ಮ ಹಿಂಗೋಡೆಯ ಬುಡದಲ್ಲಿ ಸುಮಾರು ಒಂದೂವರೆ ಅಡಿ ಚೌಕದ ಗುರುತೊಂದು ಈಗಲೂ ಇದೆ. ಮಿಕ್ಕ ಗೋಡೆ ಕಲ್ಲಿನದು, ಅಷ್ಟು ಭಾಗ ಮಾತ್ರ ಇಟ್ಟಿಗೆಯದು. ಅದರ ಮೇಲಿನ ಗಾರೆ ಪ್ರತಿ ಮಳೆಗಾಲಕ್ಕೂ ಉದುರಿ, ಮುಚ್ಚಿದ ಕಿಂಡಿಯ ಅಂಚು ಮತ್ತೆ ಎದ್ದು ಕಾಣುತ್ತದೆ. ಆ ಕಿಂಡಿಗೆ ಗಲ್ಲಿಯ ಕಡೆಯಿಂದ ಒಂದು ತಗಡಿನ ಮುಚ್ಚಳವಿತ್ತಂತೆ. ನಸುಕಿನಲ್ಲಿ ಬಂದವರು ಮುಚ್ಚಳ ಎತ್ತಿ, ಒಳಗಿನ ಡಬ್ಬ ಎಳೆದು, ಖಾಲಿ ಮಾಡಿಕೊಂಡು ಹೋಗಬೇಕು. ಮನೆಯವರು ಏಳುವ ಹೊತ್ತಿಗೆ ಎಲ್ಲ ಮುಗಿದಿರಬೇಕು. ಮುಂಬಾಗಿಲು ಪುರೋಹಿತರಿಗೆ, ಪೋಸ್ಟ್‌ಮ್ಯಾನಿಗೆ, ಬೀಗರಿಗೆ. ಹಿಂದಿನ ಗಲ್ಲಿ, ಮನೆಯವರ ಕಣ್ಣಿಗೆ ಬೀಳಬಾರದವರಿಗೆ. ಅವರು ಯಾವ ಜಾತಿಯವರು ಎಂದು ಬೇರೆ ಹೇಳಬೇಕಾಗಿಲ್ಲ. ನಗರ ಯೋಜನೆಯ ಪುಸ್ತಕಗಳು ಇದನ್ನು ನೈರ್ಮಲ್ಯದ ವ್ಯವಸ್ಥೆ ಎಂದು ಬಣ್ಣಿಸುತ್ತವೆ. ಒಬ್ಬ ಮನುಷ್ಯ ಬಂದು ಹೋದದ್ದು ಇನ್ನೊಬ್ಬನಿಗೆ ತಿಳಿಯದಂತೆ ಮಾಡುವುದೇ ಆ ವಿನ್ಯಾಸದ ಜಾಣ್ಮೆಯಾಗಿತ್ತು.

1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬರಲು 1993 ಆಯಿತು, ಅದು ಸಾಲದೆಂದು 2013ರಲ್ಲಿ ಇನ್ನೊಂದು. ಇತ್ತ ಒಳಚರಂಡಿ ಬಂತು, ಕಕ್ಕಸು ಮನೆಯೊಳಗೆ ಬಂತು, ಆಮೇಲೆ ಮಲಗುವ ಕೋಣೆಗೇ ಅಂಟಿಕೊಂಡಿತು. ಗಲ್ಲಿಗೆ ಕೆಲಸ ಹೋಯಿತು. ಕೆಲಸ ಹೋದರೂ ಕಳಂಕ ಹೋಗಲಿಲ್ಲ. ನಿವೃತ್ತ ಗುಮಾಸ್ತರ ಮುಂದೆ ಮನೆಯವರೆಲ್ಲ ತಮ್ಮ ತಮ್ಮ ಸಣ್ಣಪುಟ್ಟ ಕೆಲಸ ತಂದು ಸುರಿಯುವಂತೆ, ಸುತ್ತಲಿನ ಮನೆಗಳು ತಮಗೆ ಬೇಡವಾದದ್ದನ್ನೆಲ್ಲ ಗಲ್ಲಿಗೆ ಒಪ್ಪಿಸಿದವು. ಸೀಳಿದ ಹಾಸಿಗೆ, ಹಳೆಯ ಕಮೋಡು, ಚುನಾವಣೆಯ ಫ್ಲೆಕ್ಸು, ಮನೆ ರಿಪೇರಿಯ ಮಣ್ಣು. ಗಾಜು ಒಡೆದ ದೇವರ ಪಟಗಳು ಮಾತ್ರ ಗೋಡೆಗೆ ಒರಗಿ ಭಕ್ತಿಯಿಂದ ನಿಂತಿರುತ್ತವೆ. ದೇವರನ್ನು ಕಸಕ್ಕೆ ಹಾಕಬಾರದಲ್ಲ, ಅದಕ್ಕೆ ಕಸದ ಪಕ್ಕದಲ್ಲಿ ಇಟ್ಟಿರುತ್ತೇವೆ.

ಗಲ್ಲಿಯಿಂದ ಕಳ್ಳರು ಬರುತ್ತಾರೆ ಎಂದು ಒಬ್ಬರು ಹಿಂಗೋಡೆ ಎತ್ತರಿಸಿ ಅದರ ಮೇಲೆ ಬಾಟಲಿ ಚೂರು ನೆಟ್ಟರು. ನೋಡಿದವರು ತಾವೂ ನೆಟ್ಟರು. ಹಸಿರು, ಕಂದು, ಬಿಳಿ ಚೂರುಗಳು. ಯಾವ ಮನೆಯವರ ಅಭಿರುಚಿ ಏನು ಎಂದು ಗೋಡೆಯ ಮೇಲಿನ ಗಾಜು ನೋಡಿದರೆ ತಿಳಿಯುತ್ತದೆ. ಗೋಡೆ ಏಳಡಿ ಏರಿದ ಮೇಲೆ ಗಲ್ಲಿಯಲ್ಲಿ ಏನು ನಡೆದರೂ ಮನೆಯೊಳಗಿನವರಿಗೆ ಕಾಣುವುದಿಲ್ಲ. ಕಳ್ಳರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನು ಬೇಕು? ಬೀದಿಯನ್ನು ಕಾಯುವುದು ಪೊಲೀಸರಿಗಿಂತ ಹೆಚ್ಚಾಗಿ ಅಲ್ಲಿನ ಕಿಟಕಿ ಬಾಗಿಲುಗಳ ಹಿಂದಿರುವ ಕಣ್ಣುಗಳು ಎಂದು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ಬರೆದು ನಗರ ಯೋಜಕರ ನಿದ್ದೆ ಕೆಡಿಸಿದರು. ನಾವು ಕಣ್ಣುಗಳ ಮುಂದೆ ಗೋಡೆ ಎಬ್ಬಿಸಿ, ಗೋಡೆಗೆ ಕ್ಯಾಮೆರಾ ಹಾಕಿಸಿ, ಕ್ಯಾಮೆರಾ ಕೆಟ್ಟಾಗ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚರ್ಚೆ ಮಾಡುತ್ತೇವೆ.

ಹಾಗಾದರೆ ಕಿರಿದಾದದ್ದೆಲ್ಲ ಕೊಳಕೇ? ಬೇಸರವಾದಾಗ ನಾನು ಪೇಟೆಗೆ ಹೋಗುತ್ತೇನೆ. ಯಾವ ಇಕ್ಕಟ್ಟಿಗೆ ಹೆದರಿ ನಮ್ಮ ಹಿರಿಯರು ಮಲ್ಲೇಶ್ವರಕ್ಕೆ ಓಡಿಬಂದರೋ ಅದೇ ಪೇಟೆಗೆ. 1537ರಲ್ಲಿ ಕೆಂಪೇಗೌಡರು ಊರು ಕಟ್ಟಿಸುವಾಗ ನಾಲ್ಕು ಜೋಡಿ ಎತ್ತುಗಳನ್ನು ನಾಲ್ಕು ದಿಕ್ಕಿಗೆ ಹೂಡಿಸಿದರಂತೆ. ಅವು ಎಳೆದ ಗೆರೆಗಳೇ ದೊಡ್ಡಪೇಟೆ, ಚಿಕ್ಕಪೇಟೆ ಬೀದಿಗಳಾದವು ಎಂಬುದು ಐತಿಹ್ಯ. ದೊಡ್ಡಪೇಟೆ ಈಗ ಅವೆನ್ಯೂ ರೋಡ್. ಎತ್ತುಗಳು ದೊಡ್ಡ ಬೀದಿಗಳನ್ನು ಬರೆದು ಮನೆಗೆ ಹೋದವು. ಮಿಕ್ಕದ್ದನ್ನು ವ್ಯಾಪಾರಿಗಳು, ಕುಂಬಾರರು, ಗಾಣಿಗರು, ನೇಕಾರರು ನೋಡಿಕೊಂಡರು. ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಬೆಳೆದ ಆ ಬೀದಿಗಳ ನಡುವಿನ ಗಲ್ಲಿಗಳನ್ನು ಯಾವ ಎಂಜಿನಿಯರೂ ಬರೆದದ್ದಲ್ಲ.

ಬಳೇಪೇಟೆಯ ಗಲ್ಲಿಯೊಂದರಲ್ಲಿ ನಡೆಯುವಾಗ ನಿಮ್ಮ ವೇಗ ತಾನಾಗಿ ಇಳಿಯುತ್ತದೆ. ಆರಡಿ ಅಗಲದ ಅಂಗಡಿಯಲ್ಲಿ ಒಬ್ಬ ಹಾರ್ಮೋನಿಯಂ ಬಿಚ್ಚಿಟ್ಟುಕೊಂಡು ಕೂತಿದ್ದಾನೆ. ಅವನು ಒಂದೊಂದೇ ಸ್ವರ ಒತ್ತಿ ನೋಡುವುದು ಎದುರಿನ ಜರಿ ಅಂಗಡಿಯವನಿಗೆ ಎಷ್ಟು ರೂಢಿಯಾಗಿದೆ ಎಂದರೆ, ಸ್ವರ ತಪ್ಪಿದರೆ ಅವನೇ ತಲೆ ಎತ್ತಿ ನೋಡುತ್ತಾನೆ. ಪಕ್ಕದಲ್ಲಿ ಬಳೆ, ಅದರ ಪಕ್ಕ ಗೆಜ್ಜೆ, ಅದರಾಚೆ ಮೆಟ್ಟಿಲಿನ ಕೆಳಗಿನ ಜಾಗದಲ್ಲೇ ಕಾಫಿ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಯಾನ್ ಗೇಲ್ ಜೀವನವಿಡೀ ಜನ ನಡೆಯುವುದನ್ನೇ ನೋಡಿ ಲೆಕ್ಕ ಇಟ್ಟವರು. ನೂರು ಮೀಟರಿಗೆ 15–20 ಬಾಗಿಲುಗಳಿದ್ದರೆ ನಡೆಯುವವನಿಗೆ ಬೇಸರವಾಗುವುದಿಲ್ಲ ಎನ್ನುವುದು ಅವರ ಅಂದಾಜು. ಬಳೇಪೇಟೆಯಲ್ಲಿ ಎಣಿಸಲು ಹೊರಟರೆ ಅರ್ಧಕ್ಕೇ ಲೆಕ್ಕ ತಪ್ಪುತ್ತದೆ, ಅಷ್ಟು ಬಾಗಿಲು. ಕನ್ಸರ್ವೆನ್ಸಿಯ ನೂರು ಮೀಟರಿನಲ್ಲಿ ಬಾಗಿಲುಗಳಿಲ್ಲವೆಂದಲ್ಲ, ಇವೆ. ಎಲ್ಲಕ್ಕೂ ಒಳಗಿನಿಂದ ಬೀಗ.

ಪೇಟೆಯ ಗಲ್ಲಿಗಳಿಗೆ ವರ್ಷಕ್ಕೊಮ್ಮೆ ತಪಾಸಣೆಯೂ ಉಂಟು. ಚೈತ್ರದ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುತ್ತದೆ. ಮಲ್ಲಿಗೆಯ ಗೋಪುರ ಹೊತ್ತವರು, ಸುತ್ತ ಕತ್ತಿ ಹಿಡಿದ ವೀರಕುಮಾರರು, ಹಿಂದೆ ಮುಂದೆ ಜನಸಾಗರ. ಬೆಳಗಾಗುವವರೆಗೆ ಪೇಟೆಯ ಸಂದುಗೊಂದುಗಳಲ್ಲಿ ಸುತ್ತಿ, ದಾರಿಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುತ್ತದೆ. ಕರಗ ಹೋಗಬೇಕೆಂದರೆ ಗಲ್ಲಿ ತೆರವಾಗಿರಬೇಕು, ನೇತಾಡುವ ತಂತಿ ಎತ್ತಿ ಕಟ್ಟಬೇಕು, ಗುಂಡಿ ಮುಚ್ಚಬೇಕು. ಹಿಂದಿನವರಿಗೆ ಅಗಲದ ಅಳತೆಗೋಲೂ ಇಂಥದ್ದೇ ಆಗಿತ್ತು: ಮದುವೆಯ ದಿಬ್ಬಣ ಬರಬೇಕು, ನಾಲ್ವರು ಹೊತ್ತ ಚಟ್ಟ ಗೋಡೆಗೆ ತಗಲದೆ ತಿರುವು ದಾಟಬೇಕು. ಈಗಿನ ಅಳತೆಗೋಲು ಡಬಲ್ ಡೋರ್ ಫ್ರಿಜ್ಜು. ಅದು ತಿರುವಿನಲ್ಲಿ ಸಿಕ್ಕಿಬಿದ್ದಾಗ ಇಡೀ ಗಲ್ಲಿ ಹೊರಬಂದು ಸಲಹೆ ಕೊಡುತ್ತದೆ, ಕೊನೆಗೆ ಹಗ್ಗ ಕಟ್ಟಿ ತಾರಸಿಯಿಂದ ಎಳೆಯುತ್ತಾರೆ.

ಇಕ್ಕಟ್ಟಿನ ವಿಷಯದಲ್ಲಿ ವಿಶ್ವದಾಖಲೆ ಜರ್ಮನಿಯ ರಾಯ್ಟ್‌ಲಿಂಗನ್ ಊರಿನದು. 1726ರ ಬೆಂಕಿಯಲ್ಲಿ ಊರು ಸುಟ್ಟಮೇಲೆ ಮತ್ತೆ ಕಟ್ಟುವಾಗ ಎರಡು ಮನೆಗಳ ಮಧ್ಯೆ ಉಳಿದ ಸಂದಿ ಅದು. ಅತಿ ಕಿರಿದಾದ ಕಡೆ 31 ಸೆಂಟಿಮೀಟರ್; ಬೀದಿ ಎಂದು ಹೆಸರಿಟ್ಟಿದ್ದಾರೆ, ಪ್ರವಾಸಿಗರು ಹೊಟ್ಟೆ ಒಳಗೆಳೆದುಕೊಂಡು ದಾಟಿ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮಲ್ಲಿ ಇಂಥದ್ದನ್ನು ಸೆಟ್‌ಬ್ಯಾಕ್ ಎನ್ನುತ್ತೇವೆ. 30–40ರ ಸೈಟಿನಲ್ಲಿ ಇವರೊಂದು ಮೂರಡಿ, ಅವರೊಂದು ಮೂರಡಿ ಬಿಡಬೇಕು, ನಡುವೆ ಕಾಂಪೌಂಡ್ ಎಬ್ಬಿಸಬೇಕು. ಆ ಮೂರಡಿಯಲ್ಲಿ ಮನುಷ್ಯ ಬಾಳಲಾರ, ಮರ ಬೆಳೆಯಲಾರದು. ಪೈಪು, ಎ.ಸಿ. ಡಬ್ಬ ಮತ್ತು ಬೆಕ್ಕಿನ ಸಂಸಾರಕ್ಕೆ ಮೀಸಲು. ಅಹಮದಾಬಾದಿನಲ್ಲಿ ಪೋಳು ಎಂದು ಕರೆಯುವ ಹಳೆಯ ಕೇರಿಗಳಲ್ಲಿ ಮನೆಗಳು ಗೋಡೆ ಹಂಚಿಕೊಂಡು ನಿಲ್ಲುತ್ತವೆ. ಹಾಗೆ ಉಳಿಸಿದ ಜಾಗವನ್ನೆಲ್ಲ ಒಟ್ಟು ಮಾಡಿ ಒಂದು ಗಲ್ಲಿಗೆ, ಒಂದು ಚೌಕಕ್ಕೆ, ಹಕ್ಕಿಗೆ ಕಾಳು ಹಾಕುವ ಚಬೂತರೆಗೆ ಕೊಟ್ಟಿದ್ದಾರೆ. 2017ರಲ್ಲಿ ಯುನೆಸ್ಕೊ ಅಹಮದಾಬಾದನ್ನು ವಿಶ್ವ ಪರಂಪರೆಯ ನಗರ ಎಂದು ಕರೆದಾಗ ಈ ಪೋಳುಗಳ ಪಾಲು ಅದರಲ್ಲಿ ದೊಡ್ಡದು. ಮೂರು ಮೂರಡಿ ಎಲ್ಲರೂ ಬಿಟ್ಟು ಯಾರಿಗೂ ಸಿಗದಂತೆ ಮಾಡುವ ವಿದ್ಯೆ ಅವರಿಗೆ ತಿಳಿದಿರಲಿಲ್ಲ.

ಮೆಲ್ಬರ್ನ್‌ನಲ್ಲಿರುವ ನಮ್ಮ ಅಣ್ಣನ ಮಗ ಒಂದು ದಿನ ಫೋಟೊ ಕಳಿಸಿದ. ಎರಡೂ ಕಡೆ ಗೋಡೆಯ ತುಂಬ ಬಣ್ಣದ ಚಿತ್ರ, ನಡುವೆ ಇವನು ತಂಪು ಕನ್ನಡಕ ಹಾಕಿಕೊಂಡು ನಿಂತಿದ್ದಾನೆ. "ಚಿಕ್ಕಪ್ಪಾ, ಹೋಸಿಯರ್ ಲೇನ್. ಗಲ್ಲಿ ಅಂದ್ರೆ ಹೀಗಿರಬೇಕು." ಚಿಕ್ಕವನಾಗಿದ್ದಾಗ ಚೆಂಡು ಕನ್ಸರ್ವೆನ್ಸಿಗೆ ಬಿದ್ದರೆ ತರಲು ಹೋಗದೆ ಹೊಸ ಚೆಂಡಿಗೆ ಚಂದಾ ಎತ್ತುತ್ತಿದ್ದವನು ಇವನೇ. ಅವನಿಗೆ ಮೆಲ್ಬರ್ನಿನ ಗಲ್ಲಿಗಳ ಪೂರ್ವಾಶ್ರಮ ತಿಳಿದಿರಲಿಲ್ಲ. 1837ರಲ್ಲಿ ರಾಬರ್ಟ್ ಹಾಡಲ್ ಎಂಬ ಸರ್ವೇಯರ್ ಆ ಊರಿನ ಚೌಕಳಿ ಬರೆದಾಗ ದೊಡ್ಡ ಬೀದಿಗಳಿಗೆ 99 ಅಡಿ, ಅವುಗಳ ನಡುವಿನ ಚಿಕ್ಕ ಬೀದಿಗಳಿಗೆ 33 ಅಡಿ ಅಗಲ ಇಟ್ಟ. ಆಮೇಲೆ ಸೈಟಿನವರು ಜಾಗ ತುಂಡು ಮಾಡಿಕೊಳ್ಳುತ್ತ ಹಿಂಬಾಗಿಲಿಗೆ ಗಲ್ಲಿಗಳನ್ನು ಸೀಳಿದರು. ಸಾಮಾನಿನ ಗಾಡಿಗಳ ಜೊತೆಗೆ ಆ ದಾರಿಯಲ್ಲಿ ಬರುತ್ತಿದ್ದುದು ಕಕ್ಕಸಿನ ಗಾಡಿಗಳು. ಒಳಚರಂಡಿ ಅಲ್ಲಿಗೆ ಬಂದದ್ದು 1897ರಲ್ಲಿ, ನಮ್ಮ ಪ್ಲೇಗಿಗೆ ಒಂದು ವರ್ಷ ಮೊದಲು. ಅಂದರೆ ಅವನು ಕನ್ನಡಕ ಹಾಕಿಕೊಂಡು ನಿಂತದ್ದು ಅವರ ಕನ್ಸರ್ವೆನ್ಸಿಯಲ್ಲಿ.

ಅವರ ಗಲ್ಲಿಗಳೂ ದಶಕಗಟ್ಟಲೆ ಕಸದ ಡಬ್ಬಗಳ ಪಾಲಾಗಿದ್ದವು. ನಗರದ ವಿನ್ಯಾಸ ನೋಡಿಕೊಳ್ಳುತ್ತಿದ್ದ ರಾಬ್ ಆಡಮ್ಸ್ ಮತ್ತು ಅವರ ಸಂಗಡಿಗರು, 1990ರ ದಶಕದಲ್ಲಿ ಯಾನ್ ಗೇಲ್ ಅವರನ್ನೂ ಕರೆಸಿಕೊಂಡು, ಮಾಡಿದ ಕೆಲಸ ಕೇಳಲು ತೀರಾ ಸಾದಾ. ಊರಿನ ನಡುವೆ ಜನ ಮತ್ತೆ ವಾಸಕ್ಕೆ ಬರುವಂತೆ ಮಾಡಿದರು. ಗಲ್ಲಿಯ ಕಡೆ ಅಂಗಡಿ, ಕಾಫಿ ಬಾಗಿಲು ತೆರೆಯಲು ಬಿಟ್ಟರು. ಹಳೆಯ ನೀಲಿಗಲ್ಲನ್ನು ಕಿತ್ತು ಡಾಂಬರು ಹಾಕುವ ಉತ್ಸಾಹ ತೋರಲಿಲ್ಲ. ಬೆನ್ನು ತಿರುಗಿಸಿದ್ದ ಕಟ್ಟಡಗಳು ಗಲ್ಲಿಗೆ ಮುಖ ಮಾಡಿದವು, ಮಿಕ್ಕದ್ದು ತಾನಾಗಿ ಆಯಿತು. ನನಗೆ ತಿಳಿದ ಮಟ್ಟಿಗೆ ಗಲ್ಲಿಯ ವಿನ್ಯಾಸಶಾಸ್ತ್ರದ ಸಾರವೆಲ್ಲ ಇಷ್ಟೇ. ಯಾರಾದರೂ ಒಬ್ಬರು ಗಲ್ಲಿಯತ್ತ ಬಾಗಿಲು ತೆರೆಯಬೇಕು, ತೆರೆದ ಬಾಗಿಲಲ್ಲಿ ನಿಲ್ಲಬೇಕು. ನಿಂತವರು ತಮ್ಮ ಮುಂದೆ ಕಸ ಹಾಕಲು ಬಿಡುವುದಿಲ್ಲ.

ಹಾಗೆಂದು ನೆಲ ನೀರಿನ ಶಾಸ್ತ್ರವನ್ನು ಮರೆಯುವಂತಿಲ್ಲ. ಗಲ್ಲಿಯ ನೀರು ಎಲ್ಲಿ ಹರಿಯಬೇಕು? ದೊಡ್ಡ ರಸ್ತೆಗೆ ನಡು ಎತ್ತರ, ಬದಿಗೆ ಚರಂಡಿ. ಗಲ್ಲಿಗೆ ಇದು ತಿರುಗುಮುರುಗು: ನಡು ತಗ್ಗಿರಬೇಕು, ನೀರು ಮಧ್ಯದಲ್ಲಿ ಹೋಗಬೇಕು, ಎರಡೂ ಕಡೆಯ ಗೋಡೆಯ ಬುಡ ಒಣಗಿರಬೇಕು. ಮೆಲ್ಬರ್ನಿನ ಗಲ್ಲಿಗಳಲ್ಲಿ ನಡುವೆ ಹಾದುಹೋಗುವ ಕಲ್ಲಿನ ಕಾಲುವೆ ಇದಕ್ಕೇ ಇರುವುದು. ಷಿಕಾಗೊ ನಗರದಲ್ಲಿ 1,900 ಮೈಲಿಗೂ ಹೆಚ್ಚು ಉದ್ದದ ಗಲ್ಲಿಗಳಿವೆ. ಮಳೆ ನೀರು ಅಲ್ಲಿ ನಿಂತು ಮನೆಗಳ ನೆಲಮಾಳಿಗೆಗೆ ನುಗ್ಗುತ್ತದೆಂದು 2006ರಿಂದ ಅವರು ನೀರು ಇಂಗುವ ಹಾಸನ್ನು ಹಾಕತೊಡಗಿದರು. ನಮಗೆ ಸಾದರಹಳ್ಳಿಯ ಚಪ್ಪಡಿ ಇತ್ತು. ಎತ್ತಿದರೆ ಎದ್ದು ಬರುತ್ತಿತ್ತು, ಕೆಳಗಿನ ಪೈಪು ಸರಿಮಾಡಿ ಮತ್ತೆ ಹಾಸಿದರೆ ಕೂರುತ್ತಿತ್ತು, ಸಂದಿನಲ್ಲಿ ನೀರೂ ಇಂಗುತ್ತಿತ್ತು. ಈಗ ಕಾಂಕ್ರೀಟು. ಅದು ಒಣಗಿದ ಮಾರನೆಯ ದಿನವೇ ಯಾರೋ ಕೇಬಲ್ ಹಾಕಲು ಅಗೆಯುವುದು ಎಷ್ಟು ಖಚಿತವೆಂದರೆ, ಕಾಂಕ್ರೀಟು ಸುರಿಯುವುದು ಕೇಬಲಿನವರನ್ನು ಕರೆಯುವ ವಿಧಾನವೇ ಇರಬೇಕು ಎಂದು ನಾನು ನಂಬಿದ್ದೇನೆ.

ಅಗೆದ ಮೇಲೆ ಹಳೆಯದರ ಮೇಲೆಯೇ ಹೊಸ ಪದರ. ನಮ್ಮ ಪಕ್ಕದ ಗಲ್ಲಿಯಲ್ಲಿ ಒಂದು ಹೆಂಚಿನ ಮನೆಯಿದೆ. ಬಾಗಿಲಿಗೆ ಮೂರು ಮೆಟ್ಟಿಲಿತ್ತು ಎಂದು ಆ ಮನೆಯ ಅಜ್ಜಿ ಹೇಳುತ್ತಾರೆ. ಮೊದಲ ಡಾಂಬರಿಗೆ ಒಂದು ಮೆಟ್ಟಿಲು ಹೋಯಿತು, ಎರಡನೆಯದಕ್ಕೆ ಇನ್ನೊಂದು. ಕಾಂಕ್ರೀಟು ಬಂದಾಗ ಗಲ್ಲಿಯೂ ಹೊಸ್ತಿಲೂ ಸಮವಾದವು, ಮತ್ತೊಮ್ಮೆ ಸುರಿದಾಗ ಮನೆಯೊಳಕ್ಕೆ ಒಂದು ಮೆಟ್ಟಿಲು ಇಳಿಯುವಂತಾಯಿತು. ಈಗ ಬಾಗಿಲಿಗೆ ಅಡ್ಡಲಾಗಿ ಗೇಣೆತ್ತರದ ಇಟ್ಟಿಗೆ ಕಟ್ಟೆ ಕಟ್ಟಿಸಿದ್ದಾರೆ. ಮಳೆ ಬಂದರೆ ಅಜ್ಜಿ ಕಟ್ಟೆಯ ಮೇಲೆ ಕಾಲಿಟ್ಟು, ಕಡ್ಡಿಪೊರಕೆ ಹಿಡಿದು, ನೀರು ಎಲ್ಲಿಗೆ ಬಂತು ಎಂದು ನೋಡುತ್ತ ಕೂರುತ್ತಾರೆ. ಹಳೆಯ ಪದರವನ್ನು ಕೆರೆದು ತೆಗೆದ ಮೇಲೆ ಹೊಸದು ಹಾಕಿ ಎನ್ನುವುದಕ್ಕೆ ಯಾವ ವಿದೇಶಿ ತಜ್ಞನೂ ಬೇಡ, ಈ ಅಜ್ಜಿಯ ಬಾಗಿಲು ಸಾಕು.

ಬೀದಿಯ ಕೆಸರು ನಮ್ಮಲ್ಲಿ ಹಳೆಯ ಸಮಸ್ಯೆಯೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳಿಗೆ ಸಿಕ್ಕ ತಾಳೆಗರಿಗಳಿಂದ ಕೌಟಿಲ್ಯನ ಅರ್ಥಶಾಸ್ತ್ರ ಮತ್ತೆ ಲೋಕಕ್ಕೆ ಬಂತು, 1909ರಲ್ಲಿ ಅಚ್ಚಾಯಿತು. ರಾಜ್ಯ, ಸೈನ್ಯ, ಗೂಢಚಾರರ ನಡುವೆ ಅದರಲ್ಲಿ ಬೀದಿಯ ಕಸಕ್ಕೂ ಜಾಗವಿದೆ. ಬೀದಿಯಲ್ಲಿ ಕಸ ಎಸೆದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ. ಕೆಸರು, ನೀರು ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ. ಅದೇ ಕೆಲಸವನ್ನು ರಾಜಮಾರ್ಗದಲ್ಲಿ ಮಾಡಿದರೆ ಎರಡರಷ್ಟು. ನಾನು ಗಮನಿಸಿದ್ದು ಕೊನೆಯ ಮಾತನ್ನು. ದೊಡ್ಡ ರಸ್ತೆ ಕೊಳಕಾದರೆ ದೊಡ್ಡ ತಪ್ಪು, ಗಲ್ಲಿ ಕೊಳಕಾದರೆ ಅರ್ಧ ತಪ್ಪು ಎಂಬ ಲೆಕ್ಕ ಅಷ್ಟು ಹಿಂದಿನಿಂದಲೂ ನಡೆದುಬಂದಿದೆ. ಈಗಂತೂ ಪೂರ್ತಿ ಮಾಫಿ.

ನೆರಳಿನ ವಿಷಯದಲ್ಲಿ ಮಾತ್ರ ಗಲ್ಲಿ ದೊಡ್ಡ ರಸ್ತೆಗಳನ್ನು ಸೋಲಿಸುತ್ತದೆ. ಗೋಡೆಗಳ ಎತ್ತರ ಅಗಲದ ಮೂರು ಪಟ್ಟಿದ್ದು, ಗಲ್ಲಿ ಉತ್ತರ–ದಕ್ಷಿಣವಾಗಿ ಚಾಚಿದ್ದರೆ, ನೆಲಕ್ಕೆ ಬಿಸಿಲು ಬೀಳುವುದು ಮಧ್ಯಾಹ್ನದ ಆಸುಪಾಸಿನ ಎರಡು–ಮೂರು ಗಂಟೆ ಮಾತ್ರ. ಬೆಂಗಳೂರಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆರಳೇ ಬೀಳದ ದಿನಗಳು ವರ್ಷಕ್ಕೆ ಎರಡು, ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ. ಆ ಎರಡು ಮಧ್ಯಾಹ್ನ ಕೊಡೆ ಹಿಡಿಯಿರಿ, ಮಿಕ್ಕಂತೆ ಗಲ್ಲಿಯೇ ಕೊಡೆ. ಹಗಲು ಕಾದ ಗೋಡೆಗಳು ರಾತ್ರಿ ಬಿಸಿ ಬಿಡುತ್ತವೆ, ಅದು ನಿಜ. ಆದ್ದರಿಂದ ಗಲ್ಲಿಯ ಎರಡೂ ತುದಿ ತೆರೆದಿರಬೇಕು, ಗಾಳಿ ಹಾಯಬೇಕು. ಒಂದು ತುದಿಗೆ ಗೇಟು ಹಾಕಿ "ನಿವಾಸಿಗಳಿಗೆ ಮಾತ್ರ" ಎಂದು ಬರೆದರೆ ಗಾಳಿಯೂ ಓದಿಕೊಂಡು ಹಿಂದಿರುಗುತ್ತದೆ. ದೀಪದ ಕಂಬ ಗಲ್ಲಿಯಲ್ಲಿ ನೆಡಬಾರದು, ಇರುವ ಹತ್ತಡಿಯಲ್ಲಿ ಒಂದಡಿ ಅದೇ ತಿನ್ನುತ್ತದೆ. ದೀಪವನ್ನು ಗೋಡೆಗೇ ಹಾಕಬೇಕು. ಫೈರ್ ಎಂಜಿನ್ ಒಳಗೆ ಬರಲಾರದು ಎಂಬುದೂ ನಿಜವಾದ ಭಯವೇ. ಅದಕ್ಕೆ ಮದ್ದು ಗಲ್ಲಿಯ ಬಾಯಲ್ಲೇ ನೀರಿನ ಕೊಳವೆ ಇಡುವುದು, ಆ ಬಾಯಿಗೆ ಅಡ್ಡ ಗಾಡಿ ನಿಲ್ಲಿಸದಿರುವುದು. ಮೊದಲನೆಯದನ್ನು ಮಾಡಿಸಬಹುದು. ಎರಡನೆಯದಕ್ಕೆ ಇನ್ನೊಮ್ಮೆ ಕೌಟಿಲ್ಯ ಹುಟ್ಟಿಬರಬೇಕು.

ಮಕ್ಕಳು ಈ ಶಾಸ್ತ್ರವನ್ನೆಲ್ಲ ಓದದೆಯೇ ಗಲ್ಲಿಗೆ ತಕ್ಕ ಕ್ರಿಕೆಟ್ ಕಟ್ಟಿಕೊಂಡಿದ್ದಾರೆ. ಎಡಗೋಡೆಗೆ ತಗಲಿದರೆ ಎರಡು ರನ್, ಬಲಗೋಡೆಗೆ ನಾಲ್ಕು, ಒಂದೇ ಪುಟಕ್ಕೆ ಒಂದೇ ಕೈಯಲ್ಲಿ ಹಿಡಿದರೆ ಔಟ್. ನಿವೃತ್ತ ಮೇಷ್ಟ್ರ ಕಾಂಪೌಂಡಿಗೆ ಹೋದರೆ ಔಟ್ ಮಾತ್ರವಲ್ಲ, ಹೊಡೆದವನೇ ಹೋಗಿ ಚೆಂಡು ಕೇಳಿ ತರಬೇಕು. ಎಲ್ಲರೂ ಒಪ್ಪಿದ, ಜಾಗದ ಅಳತೆಗೆ ಹೊಲಿದ, ಯಾರೂ ಬರೆದಿಡದ ಕಾನೂನು. ಕಟ್ಟಡದ ಬೈಲಾಗಳು ಇಷ್ಟು ಚೊಕ್ಕವಾಗಿದ್ದರೆ ಊರು ಬೇರೆಯೇ ಇರುತ್ತಿತ್ತು.

ಇತ್ತೀಚಿನ ವರ್ಷಗಳಲ್ಲಿ ಮಲ್ಲೇಶ್ವರದ ಕೆಲವು ಕನ್ಸರ್ವೆನ್ಸಿಗಳಿಗೂ ಕಾಲ ಕೂಡಿಬಂದಿದೆ. ಉತ್ಸಾಹಿ ಹುಡುಗ ಹುಡುಗಿಯರು, ವಾಸ್ತುಶಿಲ್ಪಿಗಳು, ಚಿತ್ರಕಾರರು ಸೇರಿ ಕಸ ತೆಗೆಸಿ, ಗೋಡೆಗಳ ಮೇಲೆ ಚಿತ್ರ ಬರೆದು, ನಡೆಯುವ ದಾರಿ ಮಾಡಿದ್ದಾರೆ. ವಿರೋಧಿಸುವವರು ಯಾರೂ ಇಲ್ಲ. ಒಂದಿಷ್ಟು ಜನ ನಡೆದರೆ ಒಂದಿಷ್ಟು ಬಾಗಿಲು ತೆರೆಯುತ್ತವೆ. ಇನ್ನೂ ಮುಂದೆ ಹೋಗಿ ಯಾರಾದರೂ ಕಾಫಿ ಅಂಗಡಿ ಹಾಕಿಯಾರು. ಆಮೇಲೆ ಹಿತ್ತಲಿನ ಕೋಣೆಯಲ್ಲಿ ಕಡಿಮೆ ಬಾಡಿಗೆಗೆ ಇರುವ ಟೈಲರಿಗೆ ಮಾಲೀಕರು "ಜಾಗ ಬೇಕಾಗಿದೆಯಲ್ಲ" ಎಂದಾರು. ಜಗತ್ತಿನ ಎಷ್ಟೋ ಚೆಂದದ ಗಲ್ಲಿಗಳಲ್ಲಿ ಹೀಗೇ ಆಗಿದೆ. ಚೆಂದವಾದ ಮೇಲೆ ಅಲ್ಲಿ ಬಾಳಿದವರಿಗೆ ಅಲ್ಲಿ ಬಾಳುವುದು ದುಬಾರಿಯಾಗುತ್ತದೆ.

ನಮ್ಮ ಗಲ್ಲಿಯನ್ನೂ ಹೀಗೆ ಉದ್ಧಾರ ಮಾಡಬೇಕೆಂದು ನಿವಾಸಿಗಳ ಸಂಘ ಸಭೆ ಕರೆಯಿತು. ಸಭೆಗೆ ಮುಂಚೆ ನಾನು ಬೆಳಿಗ್ಗೆ ಗಲ್ಲಿ ಗುಡಿಸಲು ಬರುವ ಪೌರಕಾರ್ಮಿಕ ಹೆಂಗಸನ್ನು ಕೇಳಿದೆ, ಇಲ್ಲಿ ಏನು ಮಾಡಿದರೆ ಒಳ್ಳೆಯದು ಎಂದು. ಪ್ರಶ್ನೆಯ ಹಿಂದೆ ಏನಾದರೂ ದೂರು ಇದೆಯೇ ಎಂದು ಮೊದಲು ನನ್ನ ಮುಖ ನೋಡಿದಳು. ಆಮೇಲೆ ಪೊರಕೆ ಗೋಡೆಗೆ ಒರಗಿಸಿ ಒಂದೊಂದಾಗಿ ಹೇಳಿದಳು. ಕೈ ತೊಳೆಯಲು ಒಂದು ನಲ್ಲಿ. ತಳ್ಳುಗಾಡಿ ಎಳೆದರೆ ಚಕ್ರ ಸಿಕ್ಕಿಕೊಳ್ಳದ ನೆಲ. ತಿಂಡಿ ತಿನ್ನಲು ನೆರಳಲ್ಲೊಂದು ಕಟ್ಟೆ. ಸ್ವಲ್ಪ ತಡೆದು, ದನಿ ಇಳಿಸಿ, ಒಂದು ಕಕ್ಕಸು. ಬೆಳಕು ಹರಿಯುವ ಮೊದಲು ಮನೆ ಬಿಟ್ಟರೆ ಮಧ್ಯಾಹ್ನ ಮನೆ ಸೇರುವವರೆಗೆ ತಡೆದುಕೊಂಡೇ ಇರಬೇಕು, ಅದಕ್ಕೆ ನೀರೇ ಕುಡಿಯುವುದಿಲ್ಲ ಎಂದಳು. ಸಾಲುಸಾಲು ಕಕ್ಕಸುಗಳ ಸೇವೆಗೆಂದೇ ಹುಟ್ಟಿದ ಗಲ್ಲಿಯಲ್ಲಿ, ಅದನ್ನು ಶುಚಿಯಾಗಿ ಇಡುವವಳಿಗೆ ಒಂದೂ ಇಲ್ಲ.

ಸಭೆಯಲ್ಲಿ ಚಿತ್ರದ ವಿಷಯವಾಗಿ ಒಂದು ಗಂಟೆ ಚರ್ಚೆಯಾಯಿತು. ಗುಬ್ಬಿ ಬೇಕೆಂದವರು, ಸಂಪಿಗೆ ಬೇಕೆಂದವರು, ಆನೆಯಿದ್ದರೆ ಲಕ್ಷಣ ಎಂದವರು. ನನ್ನ ಸರದಿ ಬಂದಾಗ ಆಕೆಯ ಪಟ್ಟಿ ಓದಿದೆ. ಅಧ್ಯಕ್ಷರು "ಒಳ್ಳೆ ಸಜೆಶನ್" ಎಂದರು. ಕಾರ್ಯದರ್ಶಿಗಳು ಅದನ್ನು ನಡಾವಳಿ ಪುಸ್ತಕದಲ್ಲಿ "ಇತರೆ ವಿಷಯಗಳು" ಎಂಬ ತಲೆಬರಹದ ಕೆಳಗೆ, ಚಹಾ ಬಿಸ್ಕತ್ತಿನ ಖರ್ಚಿನ ಮುಂದಿನ ಸಾಲಿನಲ್ಲಿ ಬರೆದುಕೊಂಡರು. ಗಲ್ಲಿಗೆ ಮುಖ ಮಾಡುವುದೆಂದರೆ ಅಲ್ಲಿ ಆಗಲೇ ಇರುವವರ ಮುಖ ನೋಡುವುದರಿಂದ ಶುರುವಾಗಬೇಕು ಎಂದು ನಾನು ಎದ್ದು ನಿಂತು ಹೇಳಿದ್ದನ್ನು ಬರೆದುಕೊಂಡಂತೆ ಕಾಣಲಿಲ್ಲ. ಮುಂದಿನ ಸಭೆಯಲ್ಲಿ ನಲ್ಲಿ ಮತ್ತು ಕಕ್ಕಸನ್ನು ಮೊದಲನೆಯ ವಿಷಯವಾಗಿ ತೆಗೆದುಕೊಳ್ಳಬೇಕೆಂದು ಲಿಖಿತವಾಗಿ ಕೊಟ್ಟಿದ್ದೇನೆ, ಸ್ವೀಕೃತಿಯ ಸಹಿಯನ್ನೂ ಹಾಕಿಸಿಕೊಂಡಿದ್ದೇನೆ. ಆನೆಗೆ ಯಾವ ಬಣ್ಣ ಎಂಬುದನ್ನು ಅದಾದ ಮೇಲೆ ನಿಧಾನವಾಗಿ ತೀರ್ಮಾನಿಸಬಹುದು.